ಜಾರುವ ಅಟ್ಟೆ

ಲಾಯದ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದರು.

ಬಾಗಿಲ ಪಕ್ಕ ಒಂದು ಮರದ ಬೆಂಚು. ಒಳಗೆ ಹೋಗುವವರು ಯಾರೇ ಆಗಲಿ, ಮೊದಲು ಅಲ್ಲಿ ಕೂತು ಎರಡೂ ಕೈ ಚಾಚಬೇಕು, ಆಮೇಲೆ ಒಂದೊಂದೇ ಕಾಲೆತ್ತಿ ಬೂಟಿನ ಅಟ್ಟೆ ತೋರಿಸಬೇಕು. ನೋಡುವವರು ಲಾಯದ ಒಡತಿ. ಐವತ್ತೈದರ ಹೆಂಗಸು, ಒಣಕಲು ಮೈ, ಗಟ್ಟಿ ಗಂಟಲು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕಡಿವಾಣದಕ್ಕ ಎನ್ನುತ್ತಿದ್ದರು. ಎದುರಿಗೆ ಬರೀ ಅಕ್ಕ.

"ಎಲ್ಲಿಗೆ ಹೊರಟಿದ್ದೀಯಮ್ಮಾ, ಸಿನಿಮಾಕ್ಕಾ?" ಎಂದರು.

ಅಗಲ ಕಾಲಿನ ಹತ್ತಿ ಪ್ಯಾಂಟು, ಉದ್ದ ಅಂಗಿ, ಕೊರಳಿಗೆ ಸ್ಕಾರ್ಫು, ಬಟ್ಟೆಯ ಶೂ. ಮನೆಯಲ್ಲಿದ್ದ ಹಳೆಯವನ್ನೇ ಹುಡುಕಿ, ಕೆಲಸದ ಬಟ್ಟೆ ಎಂದುಕೊಂಡು ಹಾಕಿಕೊಂಡು ಬಂದಿದ್ದೆ.

"ಹಳೇ ಬಟ್ಟೆ ಬೇರೆ, ಕೆಲಸದ ಬಟ್ಟೆ ಬೇರೆ," ಎಂದು ಅಕ್ಕ ಮೇಲಿನಿಂದ ಶುರು ಮಾಡಿದರು. "ಈ ಸ್ಕಾರ್ಫು ಕುದುರೆ ಬಾಯಿಗೆ ಸಿಕ್ಕಿದ್ರೆ ಅದರ ಜೊತೆ ನಿನ್ನ ಕುತ್ತಿಗೇನೂ ಹೋಗುತ್ತೆ. ಈ ಪ್ಯಾಂಟಿನ ಕಾಲು ಮೊದಲನೇ ಚಿಲಕಕ್ಕೇ ಸಿಗಾಕ್ಕೊಳ್ಳುತ್ತೆ. ಕಿವೀಲಿ ನೇತಾಡ್ತಿರೋದು ತೆಗಿ. ಶೂ ಅಂತೂ ಕೇಳಲೇಬೇಡ. ಒಳಗೆ ಒಬ್ಬಳಿದ್ದಾಳೆ, ನಾನೂರೈವತ್ತು ಕಿಲೋ. ಪಾಪ, ಬೇಕಂತ ತುಳಿಯೋಳಲ್ಲ. ನಿನ್ನ ಕಾಲು ಅಲ್ಲಿದೆ ಅಂತ ಅವಳಿಗೆ ಗೊತ್ತಾಗಲ್ಲ, ಅಷ್ಟೆ."

ಕೊನೆಗೆ ನನ್ನ ಉಂಗುರ ನೋಡಿದರು. ತಮ್ಮ ಎಡಗೈ ಎತ್ತಿ ಹಿಡಿದರು. ಉಂಗುರದ ಬೆರಳು ಅರ್ಧವೇ ಇತ್ತು.

"ಉಂಗುರಕ್ಕೆ ಹಗ್ಗ ಸಿಕ್ಕಿತ್ತು. ಕುದುರೆ ತಲೆ ಎತ್ತಿತು. ಅಷ್ಟೇ ಕತೆ."

ಆ ಉಂಗುರವನ್ನು ಇನ್ನೂ ಹಾಕಿಕೊಳ್ಳಬೇಕೋ ಬೇಡವೋ ಎಂದು ಎಂಟು ತಿಂಗಳಿನಿಂದ ನೆಂಟರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಅಕ್ಕ ಕಾರಣ ಹೇಳಿದರು. ತೆಗೆದೆ.

ಮಾರನೆಯ ದಿನದಿಂದ ಸರಿಯಾದ ಬಟ್ಟೆ ಒಂದೊಂದಾಗಿ ಸೇರತೊಡಗಿತು. ಮೈಗೆ ಅಂಟುವ, ಆದರೆ ಮಂಡಿ ಮಡಿಸಿದರೆ ಬಿಗಿಯದ ಪ್ಯಾಂಟು. ಪ್ಯಾಂಟಿನೊಳಗೆ ಸಿಕ್ಕಿಸಿದ ಅಂಗಿ. ಮೇಲೆ ಗಿಡ್ಡ ಜಾಕೀಟು, ಅದರ ಜಿಪ್ಪು ಸದಾ ಹಾಕಿರಬೇಕು. ತೆರೆದಿದ್ದರೆ ಇಳಿಯುವಾಗ ಕುದುರೆಯ ಜೀನಿನ ಮುಂದಿನ ಉಬ್ಬಿಗೆ ಸಿಕ್ಕಿ ಮನುಷ್ಯ ಗೂಟಕ್ಕೆ ಹಾಕಿದ ಅಂಗಿಯ ಹಾಗೆ ನೇತಾಡುತ್ತಾನೆ. ಸರಪರ ಸದ್ದು ಮಾಡುವ ಬಟ್ಟೆ ಬೇಡ. ಮೊದಲ ವಾರ ಹಾಕಿದ ಪ್ಯಾಂಟಿಗೆ ಒಳತೊಡೆಯಲ್ಲಿ ದಪ್ಪ ಹೊಲಿಗೆ ಇತ್ತು. ಅರ್ಧ ಗಂಟೆ ಕುದುರೆಯ ಮೇಲೆ ಕೂತದ್ದಕ್ಕೆ ಚರ್ಮ ಸುಲಿದು ಹೋಯಿತು. ನಾನು ಯಾರಿಗೂ ಹೇಳಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ನಾದಿನಿ ನಾನು ಮೆಟ್ಟಿಲು ಹತ್ತುವುದನ್ನು ನೋಡಿಯೇ ಪತ್ತೆ ಹಚ್ಚಿ, ಒಂದು ಮುಲಾಮು ತಂದು ಕೊಟ್ಟಳು.

"ಮಕ್ಕಳಿಗೆ ಹಚ್ಚೋದು. ನಾಚ್ಕೋಬೇಡಿ, ಚರ್ಮಕ್ಕೆ ವಯಸ್ಸು ಗೊತ್ತಾಗಲ್ಲ. ಅಲ್ಲ ಅತ್ತಿಗೆ, ಹುಲ್ಲು ಓದಿ ಓದಿ ಕೊನೆಗೆ ಹುಲ್ಲು ಹಾಕೋ ಕೆಲಸಕ್ಕೇ ಬಂದ್ರಲ್ಲ. ಓದಿದ್ದು ದಂಡ ಆಗ್ಲಿಲ್ಲ ಬಿಡಿ."

ನಾನು ಓದಿದ್ದು ಸಸ್ಯಶಾಸ್ತ್ರ. ಮೂರು ವರ್ಷ ಹುಲ್ಲಿನ ಮೇಲೆ ಸಂಶೋಧನೆ ಮಾಡಿದೆ. ಕೊನೆಯ ಅಧ್ಯಾಯ ಉಳಿದಿದ್ದಾಗ ನನ್ನ ಗಂಡ ತೀರಿಕೊಂಡ. ವಿಶ್ವವಿದ್ಯಾಲಯಕ್ಕೆ ಮತ್ತೆ ಹೋದೆ. ಕಾರಿಡಾರಿನಲ್ಲಿ ಎದುರಾದವರೆಲ್ಲ ಹೇಗಿದ್ದೀಯಾ ಎಂದು ಕೇಳುತ್ತಿದ್ದರು, ಪರವಾಗಿಲ್ಲ ಎನ್ನುತ್ತಿದ್ದೆ. ಒಂದು ದಿನಕ್ಕೆ ಹನ್ನೊಂದು ಸಲ ಹೇಳಿದ್ದನ್ನು ಎಣಿಸಿ, ಮಾರನೆಯ ದಿನ ಹೋಗುವುದನ್ನು ಬಿಟ್ಟೆ. ಲಾಯದಲ್ಲಿ ಹತ್ತು ಕುದುರೆಗಳಿದ್ದವು. ಯಾವುದೂ ಕೇಳಲಿಲ್ಲ. ಈ ಕೆಲಸ ನನಗೆ ಬೇಕು ಎಂದು ಅನ್ನಿಸಿತು. ಎಂಟು ತಿಂಗಳಲ್ಲಿ ಏನಾದರೂ ಬೇಕು ಎಂದು ಅನ್ನಿಸಿದ್ದು ಅದೊಂದೇ.

ಆದರೆ ಕೆಲಸ ಇನ್ನೂ ನನ್ನದಾಗಿರಲಿಲ್ಲ. ಮೂರು ತಿಂಗಳು ಪರೀಕ್ಷೆ. ಸವಾರಿ ಕಲಿಯಲು ಬರುವವರಿಗಾಗಿ ಇಟ್ಟ ಕುದುರೆಗಳು ಅವು. ಅವರು ಬರದ ದಿನ ಅವನ್ನು ಓಡಾಡಿಸಬೇಕು. ಆದ್ದರಿಂದ ಲದ್ದಿ ಬಾಚುವುದು, ಮೈ ಉಜ್ಜುವುದು ಬಂದರೆ ಸಾಲದು. ಮೂರನೆಯ ತಿಂಗಳ ಕೊನೆಯ ಶನಿವಾರ, ಅಜ್ಜಿ ಎಂದು ಕರೆಯುವ ಬೂದು ಬಣ್ಣದ ಮುದಿ ಕುದುರೆಯ ಮೇಲೆ ಹೊರಗಿನ ದಾರಿಯನ್ನು ಒಬ್ಬಳೇ ಒಂದು ಸುತ್ತು ಹಾಕಿಬರಬೇಕು. ಆಗದಿದ್ದರೆ ಆ ಜಾಗ ಬೇರೆಯವರಿಗೆ.

ಬೂಟಿನ ವಿಷಯವನ್ನು ಅಕ್ಕ ಎರಡನೆಯ ದಿನವೇ ಹೇಳಿದ್ದರು. ಕಾಲಿಡುವ ಕಬ್ಬಿಣದ ಬಳೆ, ಅದಕ್ಕೆ ರಿಕಾಪು ಎನ್ನುತ್ತಾರೆ, ಅದನ್ನು ನನ್ನ ಮೂಗಿನೆದುರು ತೂಗಿಬಿಟ್ಟು ಹೇಳಿದ್ದರು.

"ಕಣಕಾಲು ಮುಚ್ಚೋ ಬೂಟು ತಗೊ. ಹಿಮ್ಮಡಿ ಒಂದು ಬೆರಳು ಎತ್ತರ ಇರ್ಬೇಕು, ಕಾಲು ಇದರೊಳಗೆ ಪೂರ್ತಿ ನುಗ್ಗಬಾರದು ಅಂತ. ಮುಂದಿನ ಅಟ್ಟೆ ಮಾತ್ರ ನುಣ್ಣಗಿರ್ಬೇಕು. ಕುದುರೆ ಬೀಳಿಸಿದ್ರೆ ಕಾಲು ತಾನಾಗೇ ಜಾರಿ ಆಚೆ ಬರ್ಬೇಕು. ನೆಲದ ಮೇಲೆ ಜಾರಿದ್ರೆ ಸೊಂಟ ಹೋಗುತ್ತೆ. ಇದರಲ್ಲಿ ಜಾರದೇ ಹೋದ್ರೆ ತಲೆ ಹೋಗುತ್ತೆ. ತಿಳೀತಾ?"

ತಿಳಿಯಿತು. ಚೆನ್ನಾಗಿಯೇ ತಿಳಿಯಿತು.

ನಮ್ಮ ಮನೆ ಇರುವುದು ಚಪ್ಪಲಿ ಅಂಗಡಿಯ ಮೇಲೆ. ಅಂಗಡಿ ಮಾವನದು. ನಲವತ್ತು ವರ್ಷದಿಂದ ಬೂಟು ಚಪ್ಪಲಿ ಮಾಡುತ್ತಿರುವವರು. ಯಾರೇ ಬರಲಿ, ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ. ಅಪ್ಪ ಮಗ ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡುತ್ತಿದ್ದರು. ಮೇಲಿನ ಚರ್ಮ ಮಾವನದು, ಅಟ್ಟೆ ಮಗನದು. ನಾನು ಅವನನ್ನು ಮೊದಲು ನೋಡಿದ್ದೂ ಕಿತ್ತುಹೋದ ಚಪ್ಪಲಿ ಹಿಡಿದುಕೊಂಡು.

ಅವನು ಸತ್ತದ್ದು ಜಾರಿ ಬಿದ್ದು. ಒಂದು ಕಚೇರಿಯ ಮುಂದಿನ ಕಲ್ಲಿನ ಮೆಟ್ಟಿಲನ್ನು ಬೆಳಿಗ್ಗೆ ತೊಳೆದಿದ್ದರು. ಅವನ ಕಾಲಲ್ಲಿ ತಾನೇ ಮಾಡಿಕೊಂಡ ಚರ್ಮದ ಅಟ್ಟೆಯ ಶೂ, ಕನ್ನಡಿಯ ಹಾಗೆ ನುಣುಪು. ಅದರ ಮೇಲೆ ಅವನಿಗೆ ಬಹಳ ಹೆಮ್ಮೆ. ಆಸ್ಪತ್ರೆಯವರು ಅವನ ಸಾಮಾನನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟಾಗ ಮಾವ ಶೂ ತೆಗೆದು ಮಗುಚಿ ಅಟ್ಟೆಯ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಚೀಲದೊಳಗೇ ಇಟ್ಟರು.

ಅಲ್ಲಿಂದಾಚೆಗೆ ಮಾವ ಹೊಸ ಬೂಟು ಮಾಡಲಿಲ್ಲ. ರಿಪೇರಿಗೆ ಬಂದದ್ದಕ್ಕೆಲ್ಲ ದಪ್ಪ ರಬ್ಬರಿನ ಹಲ್ಲಿನ ಅಟ್ಟೆ ಹಾಕತೊಡಗಿದರು, ಕೇಳಲಿ ಕೇಳದಿರಲಿ. ಒಬ್ಬ ಗುಮಾಸ್ತರು ತಮ್ಮ ಕರಿ ಶೂ ಎತ್ತಿಕೊಂಡು ಬಂದು, "ಏನ್ ಯಜಮಾನ್ರೇ, ನಾನು ಆಫೀಸಿಗೆ ಹೋಗೋನು, ಬೆಟ್ಟ ಹತ್ತೋನಲ್ಲ. ಟ್ರ್ಯಾಕ್ಟರ್ ಟೈರು ಹಾಕಿದ್ದೀರಲ್ಲ," ಎಂದರು.

"ನಿಮ್ಮ ಆಫೀಸಲ್ಲಿ ಮೆಟ್ಟಿಲಿಲ್ವಾ?" ಎಂದರು ಮಾವ.

ಗುಮಾಸ್ತರಿಗೆ ವಿಷಯ ಗೊತ್ತಿತ್ತು. ಸುಮ್ಮನೆ ಹಾಕಿಕೊಂಡು ಹೋದರು.

ಲಾಯದ ಕೆಲಸದ ಸುದ್ದಿಯನ್ನು ಮಾವನಿಗೆ ಹೇಳಿದವಳು ನಾದಿನಿ, ಊಟ ಬಡಿಸುತ್ತ. ಮಾವ ತಲೆ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ನಾನು ಅಂಗಡಿ ದಾಟಿ ಹೋಗುವಾಗ ಕರೆದರು.

"ಬಾಮ್ಮ ಇಲ್ಲಿ. ಕಾಲಿಡು."

ನೆಲದ ಮೇಲೆ ಬಿಳಿ ಕಾಗದ ಹಾಸಿದ್ದರು. ನಿಂತೆ. ಪೆನ್ಸಿಲು ಹಿಡಿದು ಪಾದದ ಸುತ್ತ ಗೆರೆ ಎಳೆದರು. ಪಾದದ ನಡುವೆ, ಕಣಕಾಲಿಗೆ, ಮೀನಖಂಡಕ್ಕೆ ಟೇಪು ಸುತ್ತಿ ಅಳತೆ ಬರೆದುಕೊಂಡರು.

"ಏನೇನಿರ್ಬೇಕಂತೆ ಬೂಟಿಗೆ?"

"ಕಣಕಾಲು ಮುಚ್ಚಬೇಕು ಮಾವ. ಹಿಮ್ಮಡಿ ಒಂದು ಬೆರಳು."

"ಅಟ್ಟೆ?"

ಅವರ ಪೆನ್ಸಿಲು ಕಾಗದದ ಮೇಲೆ ಕಾಯುತ್ತಿತ್ತು. ಎಂಟು ತಿಂಗಳಾದ ಮೇಲೆ ಅವರು ಮೊದಲ ಸಲ ಹೊಸ ಬೂಟಿನ ಅಳತೆ ತೆಗೆದುಕೊಳ್ಳುತ್ತಿದ್ದರು. ಜಾರುವಂಥದ್ದು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ.

"ಏನೂ ಹೇಳಿಲ್ಲ," ಎಂದೆ.

"ಹಾಗಾದ್ರೆ ನನಗೆ ಬಿಡು."

ಹನ್ನೊಂದು ದಿನ ತೆಗೆದುಕೊಂಡರು. ಅಂಥ ಬೂಟನ್ನು ನಾನು ಹಾಕಿಕೊಂಡಿರಲಿಲ್ಲ. ಕಂದು ಚರ್ಮ, ಒಳಗೆ ಮೆತ್ತನೆ ಪದರ, ಕಾಲಿನ ಒಳಬದಿಗೆ ಒಂದೂ ಹೊಲಿಗೆ ಇಲ್ಲ. ಕೆಳಗೆ ಮಾತ್ರ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪದ ರಬ್ಬರು, ಬೆರಳು ಮುಳುಗುವಷ್ಟು ಆಳದ ಹಲ್ಲು.

"ಎಣ್ಣೆ ಮೇಲೆ ನಡೆದ್ರೂ ಜಾರಲ್ಲ," ಎಂದರು. "ನಡಿ. ಎಲ್ಲಾದ್ರೂ ಒತ್ತುತ್ತಾ?"

ಬಲಗಾಲಿನ ಕಿರುಬೆರಳಿಗೆ ಒತ್ತುತ್ತಿತ್ತು. "ಇಲ್ಲ ಮಾವ. ಚೆನ್ನಾಗಿದೆ," ಎಂದೆ.

ಬೆಂಚಿನ ಮೇಲೆ ಅಕ್ಕ ಆ ಬೂಟನ್ನು ಬಹಳ ಹೊತ್ತು ನೋಡಿದರು. ಚರ್ಮ ಹಿಸುಕಿದರು, ಹೊಲಿಗೆ ಎಳೆದು ನೋಡಿದರು. "ಯಾರು ಮಾಡಿದ್ದು? ಅಬ್ಬಾ, ಕೈ ಅಂದ್ರೆ ಕೈ," ಎಂದರು. ಆಮೇಲೆ ಮಗುಚಿದರು. "ಲದ್ದಿ ಬಾಚೋಕೆ ಇದಕ್ಕಿಂತ ಒಳ್ಳೇ ಬೂಟಿಲ್ಲ. ಕುದುರೆ ಹತ್ತೋಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಅಟ್ಟೆ ಬದಲಾಯಿಸ್ಕೊಂಡು ಬಾ."

"ಸರಿ ಅಕ್ಕ," ಎಂದೆ.

ಬದಲಾಯಿಸಲಿಲ್ಲ. ಕೆಲಸಕ್ಕೆ ಆ ಬೂಟು, ಸವಾರಿಯ ಹೊತ್ತಿಗೆ ಲಾಯದ ಕೋಣೆಯಲ್ಲಿ ಬಿದ್ದಿದ್ದ ಯಾರದೋ ಹಳೇ ಜೋಡಿ. ಅದು ನನಗೆ ಎರಡು ಅಳತೆ ದೊಡ್ಡದು, ಎರಡೆರಡು ಕಾಲುಚೀಲ ಹಾಕಿದರೂ ಒಳಗೆ ಪಾದ ಈಜುತ್ತಿತ್ತು. ಅದರಲ್ಲೇ ಎರಡು ತಿಂಗಳು ಕಲಿತೆ. ಅಕ್ಕ ವಾರಕ್ಕೊಮ್ಮೆ ಕೇಳುತ್ತಿದ್ದರು. ಮುಂದಿನ ವಾರ ಎನ್ನುತ್ತಿದ್ದೆ. ಮನೆಯಲ್ಲಿ ಮಾವ ದಿನಾ ಸಂಜೆ ನನ್ನ ಬೂಟಿನ ಕೆಸರು ತೆಗೆದು, ಮೇಣ ಹಚ್ಚಿ, ಹಲ್ಲಿನ ಸಂದಿಗೆ ಸಿಕ್ಕಿದ ಕಲ್ಲನ್ನು ಮೊಳೆಯಿಂದ ಕಿತ್ತು ಇಡುತ್ತಿದ್ದರು. "ಹೇಗಿದೆ?" ಎನ್ನುತ್ತಿದ್ದರು. "ಚೆನ್ನಾಗಿದೆ," ಎನ್ನುತ್ತಿದ್ದೆ.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಆ ಹಳೇ ಜೋಡಿಯನ್ನು ಕಲಿಯಲು ಬಂದ ಯಾರೋ ಹಾಕಿಕೊಂಡಿದ್ದರು. ಅಜ್ಜಿ ಜೀನು ಹೊತ್ತು ನಿಂತಿದ್ದಳು. ಅಕ್ಕ ಆಚೆ ಬದಿಯಲ್ಲಿ ಯಾರಿಗೋ ಬೈಯುತ್ತಿದ್ದರು. ಒಂದು ದಿನಕ್ಕೆ ಏನಾಗುತ್ತದೆ ಎಂದು ಮಾವನ ಬೂಟಿನಲ್ಲೇ ಹತ್ತಿದೆ.

ಹತ್ತಿದ್ದು, ಸುತ್ತಿದ್ದು ಸರಿಯಾಗಿಯೇ ಆಯಿತು. ಇಳಿಯುವ ಮೊದಲು ಎರಡೂ ಕಾಲನ್ನು ರಿಕಾಪಿನಿಂದ ಬಿಡಿಸಿಕೊಳ್ಳಬೇಕು. ಬಲಗಾಲು ಹೇಗೋ ಬಂತು. ಎಡಗಾಲು ಬರಲಿಲ್ಲ. ರಬ್ಬರಿನ ಹಲ್ಲು ಕಬ್ಬಿಣವನ್ನು ಕಚ್ಚಿಕೊಂಡಿತ್ತು. ಕಾಲು ಕೊಡವಿದೆ. ನಡೆ ಎಂದು ಹೇಳುತ್ತಿದ್ದೇನೆ ಎಂದುಕೊಂಡು ಅಜ್ಜಿ ನಡೆದಳು. ಆಯ ತಪ್ಪಿ ಎಡಕ್ಕೆ ಜಾರಿದೆ. ಬಲಗಾಲು ನೆಲದ ಮೇಲೆ, ಎಡಗಾಲು ಸೊಂಟದೆತ್ತರದಲ್ಲಿ. ಅವಳ ಪಕ್ಕ ಹತ್ತು ಹನ್ನೆರಡು ಹೆಜ್ಜೆ ಕುಂಟುತ್ತ ಹಾರಿದೆ. ಆಗ ನನಗೆ ಹೆದರಿಕೆಯೂ ಆಗಲಿಲ್ಲ. ಯಾರಿಗೋ ಆಗುತ್ತಿರುವುದನ್ನು ನೋಡುತ್ತಿದ್ದೇನೆ ಎನಿಸಿತು.

"ಹೋ!" ಎಂದರು ಅಕ್ಕ. ಅಜ್ಜಿ ನಿಂತಳು.

ನನ್ನ ಬೂಟನ್ನು ಬಿಡಿಸಲು ಅಕ್ಕನಿಗೆ ಎರಡೂ ಕೈ ಬೇಕಾಯಿತು.

"ಅಜ್ಜಿ ಆಗಿದ್ದಕ್ಕೆ ನಿಂತ್ಲು. ಬೇರೆ ಯಾವುದಾದ್ರೂ ಆಗಿದ್ರೆ ಬೇಲಿ ತನಕ ನಿನ್ನನ್ನ ಬಟ್ಟೆ ಒಗೆದ ಹಾಗೆ ಒಗೀತಿತ್ತು." ರಿಕಾಪನ್ನು ಜೀನಿನ ಮೇಲಕ್ಕೆ ಎತ್ತಿ ಹಾಕಿದರು. "ಎರಡು ತಿಂಗಳಿಂದ ಹೇಳ್ತಿದ್ದೀನಿ. ಸರಿ ಅಕ್ಕ, ಸರಿ ಅಕ್ಕ! ನಿನ್ನ 'ಸರಿ' ಕೇಳಿ ಕೇಳಿ ಸಾಕಾಗಿದೆ ನನಗೆ. ಮುಂದಿನ ಶನಿವಾರ ನಿನ್ನ ಕಾಲಲ್ಲಿ ಸರಿಯಾದ ಬೂಟಿಲ್ಲದಿದ್ರೆ ಹತ್ತಿಸಲ್ಲ. ಹತ್ತದಿದ್ರೆ ಕೆಲಸ ಇಲ್ಲ. ಓದಿದೋಳು, ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?"

ಸವಾರಿಯ ಸಾಮಾನು ಮಾರುವ ಅಂಗಡಿಯೊಂದಿತ್ತು. ಮಾರನೆಯ ದಿನ ಹೋದೆ. ನನ್ನ ಅಳತೆಯದೇ ಕಪ್ಪು ಬೂಟು ಸಿಕ್ಕಿತು. ಹಿಮ್ಮಡಿ ಒಂದು ಬೆರಳು, ಮುಂದೆ ನುಣುಪು ಚರ್ಮ. ಅದನ್ನು ಲಾಯದಲ್ಲೇ ಇಟ್ಟುಕೊಂಡರೆ ಮಾವನಿಗೆ ಗೊತ್ತಾಗುವುದೂ ಇಲ್ಲ. ಹಾಕಿಕೊಂಡು ಎದ್ದೆ. ಅಂಗಡಿಯ ನೆಲಕ್ಕೆ ಹೊಳೆಯುವ ಕಲ್ಲು ಹಾಸಿದ್ದರು. ಮೂರು ಹೆಜ್ಜೆ ಇಟ್ಟೆ. ಮೂರನೆಯ ಹೆಜ್ಜೆಯಲ್ಲಿ ಪಾದ ಒಂದು ಕಾಳಿನಷ್ಟು ಸರಿಯಿತು. ಅಷ್ಟೇ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಂಗಡಿಯಾಕೆ ನೀರು ತಂದುಕೊಟ್ಟು, "ಬಿಗಿ ಆಯ್ತಾ?" ಎಂದಳು. ಬೂಟು ಬಿಚ್ಚಿ ಕೊಟ್ಟು ಬಂದೆ.

ಮೆಟ್ಟಿಲು, ಸೋಪಿನ ನೀರು, ಅವನ ಹಿಮ್ಮಡಿ. ಇಷ್ಟು ತಿಂಗಳು ನಾನು ನೋಡದೆ ಇಟ್ಟಿದ್ದನ್ನು ದಾರಿಯುದ್ದಕ್ಕೂ ನೋಡಿದೆ.

ಭಾನುವಾರ ಅಂಗಡಿ ಮುಚ್ಚಿರುತ್ತದೆ. ಮಧ್ಯಾಹ್ನ ಮಾವ ಒಳಗೆ ಕೂತು ಉಳಿ ಮಸೆಯುತ್ತಿದ್ದರು. ಅಕ್ಕನನ್ನು ಕೇಳಿ ತಂದಿದ್ದ ರಿಕಾಪನ್ನು ಅವರ ಮುಂದಿಟ್ಟೆ. ಪಕ್ಕದಲ್ಲಿ ಬೂಟು.

"ಇದೇನಮ್ಮ?"

"ಕಾಲಿಡೋದು ಮಾವ. ಬೂಟನ್ನ ಅದರೊಳಗೆ ಇಟ್ಟು ಎಳೆದು ನೋಡಿ."

ಬೂಟಿನೊಳಗೆ ಕೈ ತೂರಿಸಿ, ರಿಕಾಪಿಗೆ ಒತ್ತಿ, ಎಳೆದರು. ಬರಲಿಲ್ಲ. ಓರೆ ಮಾಡಿ ಎಳೆದರು. ರಿಕಾಪೂ ಜೊತೆಗೆ ಬಂತು. ಮೂರನೆಯ ಸಲ ಎಳೆಯುವಾಗ ಅವರಿಗೆ ಅರ್ಥವಾಗಿತ್ತು ಎಂದು ಕಾಣುತ್ತದೆ, ಕೈ ನಿಧಾನವಾಯಿತು.

"ಬಿದ್ಯಾ?"

"ಬಿದ್ದೆ. ಹತ್ತು ಹೆಜ್ಜೆ ಎಳ್ಕೊಂಡು ಹೋಯ್ತು."

"ಯಾವತ್ತು?"

"ಗುರುವಾರ."

"ಗುರುವಾರ ಸಂಜೆ ನಾನು ಕೇಳಿದ್ದೆ, ಹೇಗಿದೆ ಅಂತ." ಅವರು ಧ್ವನಿ ಏರಿಸಿದ್ದನ್ನು ಈ ಮನೆಗೆ ಬಂದ ಮೇಲೆ ನಾನು ಕೇಳಿರಲಿಲ್ಲ. "ಚೆನ್ನಾಗಿದೆ ಅಂದೆ! ದಿನಾ ಕೇಳ್ತೀನಿ, ದಿನಾ ಚೆನ್ನಾಗಿದೆ ಅಂತೀಯ. ಬೂಟು ಮಾಡೋನ ಹತ್ರ ಸುಳ್ಳು ಹೇಳಿದ್ರೆ ಅವನೇನು ಮಾಡಬೇಕು? ನಿನ್ನ ಕಾಲೊಳಗೆ ನಾನು ಹೊಕ್ಕು ನೋಡ್ಲಾ?"

ಗದ್ದಲ ಕೇಳಿ ನಾದಿನಿ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಳು.

"ಅಟ್ಟೆ ನುಣ್ಣಗಿರ್ಬೇಕು ಅಂತ ಮೊದಲೇ ಹೇಳಿದ್ರು ಮಾವ," ಎಂದೆ. "ಕಾಲು ಜಾರಿ ಆಚೆ ಬರೋ ಹಾಗೆ. ನಿಮಗೆ ಹೇಳೋಕಾಗ್ಲಿಲ್ಲ."

"ಜಾರೋ ಅಟ್ಟೆ ಹಾಕು ಅಂತ ಕೇಳ್ತಿದ್ದೀಯಾ? ನನ್ನ ಹತ್ರ?"

"ಹೌದು."

"ಆ ಲಾಯದ ನೆಲ ತೊಳೀತಾರಾ?"

"ದಿನಾ ತೊಳೀತಾರೆ."

ಮಾವ ಬೂಟು ಕೆಳಗಿಟ್ಟರು. "ಆಗಲ್ಲಮ್ಮ. ನನ್ನ ಕೈಲಿ ಆಗಲ್ಲ. ಬೇರೆ ಕಡೆ ತಗೊ. ತಗೊಂಡದ್ದನ್ನ ನನಗೆ ತೋರಿಸ್ಬೇಡ."

"ಹೋಗಿದ್ದೆ ಮಾವ. ಹಾಕ್ಕೊಂಡೆ. ಮೂರು ಹೆಜ್ಜೆ ನಡೆದೆ, ಅಷ್ಟೇ. ನೆಲದ ಮೇಲೆ ಕೂತ್ಬಿಟ್ಟೆ." ಮಾತು ನಿಂತು ನಿಂತು ಬರುತ್ತಿತ್ತು. "ನನಗೆ ಭಯ ಆಗುತ್ತೆ. ತುಂಬ ಭಯ ಆಗುತ್ತೆ. ಆದ್ರೂ ಆ ಕೆಲಸ ನನಗೆ ಬೇಕು."

ಮಾವ ಎದ್ದು, ನಮ್ಮಿಬ್ಬರ ನಡುವೆ ಹಾದು, ಮೇಲೆ ಹೋದರು. ನಾದಿನಿ ನನ್ನನ್ನು ದುರುಗುಟ್ಟಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

"ಅಂತೂ ಬಾಯಿ ಬಂತಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. "ನಮ್ಮಣ್ಣ ಸತ್ತಿದ್ದು ಅಪ್ಪನಿಗೂ ನನಗೂ ಮಾತ್ರವೇನೋ ಅನ್ಕೊಂಡಿದ್ದೆ ಇಷ್ಟು ದಿನ."

ಸೋಮವಾರ ಮಾವ ನನ್ನ ಜೊತೆ ಮಾತಾಡಲಿಲ್ಲ. ಮಂಗಳವಾರ ನಾನು ಅಂಗಳದಲ್ಲಿ ಅಜ್ಜಿಯ ಗೊರಸು ಕೆರೆಯುತ್ತಿದ್ದಾಗ ಅಕ್ಕ ಬಂದು, "ಯಾರೋ ಹಿರಿಯರು ಬಂದಿದ್ದಾರೆ. ನನ್ನ ಬೆಂಚಿನ ಮೇಲೆ ಕೂತು ನನ್ನ ಬೂಟನ್ನೇ ಬಿಚ್ಚಿಸಿ ನೋಡ್ತಿದ್ದಾರೆ," ಎಂದರು. ಹೋಗಿ ನೋಡಿದರೆ ಮಾವ. ಅಕ್ಕನ ಒಂದು ಬೂಟು ಅವರ ತೊಡೆಯ ಮೇಲಿತ್ತು. ಒಂದು ಗಂಟೆ ಅಲ್ಲಿದ್ದರು. ಕುದುರೆ ಹತ್ತಲು ಕಟ್ಟಿದ್ದ ಕಟ್ಟೆಯಿಂದ ಲಾಯದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಅಳೆದರು. ಒದ್ದೆ ಕಲ್ಲನ್ನು ಕಾಲಿನಿಂದ ಉಜ್ಜಿದರು. ತಮ್ಮ ಕಾಲನ್ನೇ ರಿಕಾಪಿಗಿಟ್ಟು ಜಗ್ಗಿದರು. ಅಜ್ಜಿ ಅವರ ಟೋಪಿ ಮೂಸಿದಳು. ಅಕ್ಕನನ್ನು ಒಂದೇ ಮಾತು ಕೇಳಿದರು.

"ನೆಲದ ಮೇಲೆ ನುಣುಪು ಬೇಕಾಗಿಲ್ಲ, ಅಲ್ವಾ ತಾಯಿ? ಮೇಲೆ ಇದ್ದಾಗ ಮಾತ್ರ?"

"ಹೌದು ಯಜಮಾನ್ರೇ. ಆದ್ರೆ ಕಾಲು ಎರಡೇ ಅಲ್ವಾ? ಬೂಟು ಒಂದೇ ಜೊತೆ."

"ನೋಡೋಣ," ಎಂದು ಹೊರಟುಹೋದರು.

ಆ ದಿನ ಸಂಜೆ ಮಾವ ಮಗನ ಜಾಗದಲ್ಲಿ ಕೂತಿದ್ದರು. ಅಟ್ಟೆಯ ಕೆಲಸದ ಸಾಮಾನು ಇದ್ದದ್ದೇ ಅಲ್ಲಿ. ನನ್ನ ಬೂಟಿನ ರಬ್ಬರು ಕಿತ್ತು ಹಾಕಿ, ಗಟ್ಟಿ ಚರ್ಮವನ್ನು ನೀರಿನಲ್ಲಿ ನೆನೆಸಿ, ಕಬ್ಬಿಣದ ಮೇಲಿಟ್ಟು ಬಡಿಯುತ್ತಿದ್ದರು. ಬಡಿತ ನನ್ನ ಗಂಡನದಷ್ಟು ಸಲೀಸಾಗಿರಲಿಲ್ಲ. ಎರಡು ಬಡಿದು ನಿಲ್ಲುತ್ತಿದ್ದರು, ಮತ್ತೆ ಎರಡು.

ಗುರುವಾರ ಕರೆದು ಹಾಕಿಸಿದರು. "ನಡೀಬೇಡ. ನಿಂತ್ಕೊ ಸಾಕು. ಎಲ್ಲಿ ಒತ್ತುತ್ತೆ?"

"ಬಲಗಾಲಿನ ಕಿರುಬೆರಳಿಗೆ."

"ಯಾವಾಗಿಂದ?"

"ಮೊದಲನೇ ದಿನದಿಂದ."

ತಲೆ ತಲೆ ಚಚ್ಚಿಕೊಂಡರು. ಆ ಜಾಗವನ್ನು ಒಳಗಿನಿಂದ ಹಿಗ್ಗಿಸಿ ಕೊಟ್ಟರು. ಆಮೇಲೆ ಮೇಜಿನ ಕೆಳಗಿನಿಂದ ಇನ್ನೊಂದು ಜೊತೆ ತೆಗೆದರು. ಬೂಟಿಗೇ ತೊಡಿಸುವ ಗಿಡ್ಡ ಹೊರಚಪ್ಪಲಿ ಅದು. ನನ್ನ ಬೂಟಿನಿಂದ ಕಿತ್ತ ಅದೇ ದಪ್ಪ ಹಲ್ಲಿನ ರಬ್ಬರು, ಮೇಲೆ ಒಂದು ಅಗಲ ಪಟ್ಟಿ, ಒಂದೇ ಕೊಂಡಿ. ಬೂಟು ಹಾಕಿದ ಕಾಲನ್ನು ಹಾಗೆಯೇ ತೂರಿಸಿ ಕೊಂಡಿ ಹಾಕಿದರೆ ಆಯಿತು.

"ನೆಲದ ಮೇಲೆ ಇರೋ ತನಕ ಇದನ್ನ ಬಿಚ್ಚಬಾರದು. ಹತ್ತೋ ಕಟ್ಟೆ ಮೇಲೆ ನಿಂತು ಬಿಚ್ಚಬೇಕು. ಇಳಿದ ತಕ್ಷಣ ಹಾಕ್ಕೋಬೇಕು. ಚೆನ್ನಾಗಿದೆ ಅನ್ನಬೇಡ. ಹಾಕಿ ನೋಡಿ ಹೇಳು."

"ಕೊಂಡಿ ಒಳಬದಿಗಿದೆ ಮಾವ. ನಡೆಯುವಾಗ ಒಂದಕ್ಕೊಂದು ತಾಗುತ್ತೆ."

"ಹಾಂ," ಎಂದು ಕಿತ್ತುಕೊಂಡು ಹೊರಬದಿಗೆ ಹೊಲಿಯತೊಡಗಿದರು.

"ಬೂಟಿಗೂ ಬೂಟು!" ಎಂದಳು ನಾದಿನಿ. "ಇನ್ನು ಅದಕ್ಕೊಂದು ಕಾಲುಚೀಲ ಹೊಲೀರಿ ಅಪ್ಪಾ."

ಶನಿವಾರ ಮಾವ ಅಂಗಡಿ ಮುಚ್ಚಿ ನನ್ನ ಜೊತೆ ಬಂದರು. ಅಕ್ಕ ಬೆಂಚಿನ ಮೇಲೆ ಎಲ್ಲವನ್ನೂ ನೋಡಿದರು. ಕೈ, ಕಿವಿ, ಜಾಕೀಟಿನ ಜಿಪ್ಪು, ತಲೆಗೆ ಹಾಕಿದ ಸವಾರಿ ಟೊಪ್ಪಿಗೆಯ ಪಟ್ಟಿ. ಹೊರಚಪ್ಪಲಿ ಬಿಚ್ಚಿಸಿ ಚರ್ಮದ ಅಟ್ಟೆಯ ಮೇಲೆ ಅಂಗೈ ಎಳೆದು, ಮಾವನ ಕಡೆ ನೋಡಿ ತಲೆಯಾಡಿಸಿದರು. ಮಾವ ಅದನ್ನು ನೋಡದವರಂತೆ ಬೇಲಿಯ ಹತ್ತಿರ ಹೋಗಿ ನಿಂತರು.

ಕಟ್ಟೆಯ ಮೇಲೆ ಹೊರಚಪ್ಪಲಿ ಕಳಚಿಟ್ಟು ಹತ್ತಿದೆ. ಕಾಲು ರಿಕಾಪಿನೊಳಗೆ ಸದ್ದಿಲ್ಲದೆ ಹೋಯಿತು. ಹಿಮ್ಮಡಿ ಕಬ್ಬಿಣಕ್ಕೆ ತಾಗಿ ನಿಂತಿತು. ಬೇಕೆಂದಾಗ ಆಚೆ ಬರುತ್ತದೆಯೋ ಎಂದು ಎರಡು ಸಲ ಎಳೆದು ನೋಡಿದೆ. ಬಂತು.

ಹೊರಗಿನ ದಾರಿ ಒಂದು ಸುತ್ತಿಗೆ ಹದಿನೈದು ನಿಮಿಷ. ಹದಿನೈದು ನಿಮಿಷವೂ ನನಗೆ ಭಯವಿತ್ತು. ಗೋಡೆಯ ಮೇಲೆ ಒಣಹಾಕಿದ್ದ ಗೋಣಿಚೀಲ ಅಲುಗಿದ್ದಕ್ಕೂ ಎದೆ ಹಾರಿತು. ಅಜ್ಜಿ ಒಮ್ಮೆ ಎಡವಿದಳು. ನನ್ನ ಬಾಯಿಂದ ಅಮ್ಮಾ ಎಂದು ಬಂತು, ಜೋರಾಗಿಯೇ. ಅವಳ ಒಂದು ಕಿವಿ ನನ್ನ ಕಡೆ ತಿರುಗಿತು. ಬದಿಯಲ್ಲಿ ಹುಲ್ಲು ಹೂಬಿಟ್ಟಿತ್ತು. ನಾನು ಮೂರು ವರ್ಷ ಓದಿದ ಹುಲ್ಲೇ. ಇಷ್ಟು ಎತ್ತರದಿಂದ ಅದನ್ನು ನೋಡಿರಲಿಲ್ಲ.

ಅಂಗಳಕ್ಕೆ ಮರಳಿದಾಗ ಎರಡೂ ಕಾಲು ಬಿಡಿಸಿಕೊಂಡು, ಮುಂದಕ್ಕೆ ಬಾಗಿ, ಇಳಿದೆ. ಕಲ್ಲಿನ್ನೂ ಒದ್ದೆಯಿತ್ತು. ಎಡಗಾಲು ಒಂದು ಗೇಣು ಸರಿಯಿತು. ಅಜ್ಜಿಯ ಕುತ್ತಿಗೆಯ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಅಲುಗಲಿಲ್ಲ. ನಾನು ಬೀಳಲಿಲ್ಲ.

ಬೇಲಿಯ ಕಡೆ ನೋಡಿದೆ. ಮಾವ ಕಣ್ಣು ಮುಚ್ಚಿಕೊಂಡಿದ್ದರು. ತೆರೆದವರು ನಾನು ನಿಂತಿರುವುದನ್ನು ನೋಡಿ, ನಂಬದೆ ಇನ್ನೊಮ್ಮೆ ನೋಡಿ, ಬೇಲಿಯ ಕೆಳಗೆ ನುಸುಳಿ ಹೊರಚಪ್ಪಲಿ ಎತ್ತಿಕೊಂಡು ಓಡಿಬಂದರು. ನನ್ನ ಕಾಲ ಬಳಿ ಕೂತು ಕೊಂಡಿ ಹಾಕಿದರು, ಒಂದು, ಇನ್ನೊಂದು. ಎದ್ದು ಸೀದಾ ಅಕ್ಕನ ಕಡೆ ತಿರುಗಿದರು.

"ಅಲ್ಲ ತಾಯಿ, ಇಳಿಯೋ ಜಾಗಕ್ಕೆ ನೀರು ಹುಯ್ಯೋರು ಯಾರು? ಬುದ್ಧಿ ಬೇಡ್ವಾ? ಕಿವಿ ನೋಡ್ತೀರಿ, ಬೆರಳು ನೋಡ್ತೀರಿ, ನೆಲ ನೋಡಲ್ವಾ? ಒಂದು ಬುಟ್ಟಿ ಮರಳು ಹಾಕೋಕೆ ಏನು ಕಷ್ಟ ನಿಮಗೆ?"

ಕಡಿವಾಣದಕ್ಕನಿಗೆ ಎದುರು ಮಾತಾಡಿದವರನ್ನು ಆ ಲಾಯದಲ್ಲಿ ಯಾರೂ ಕಂಡಿರಲಿಲ್ಲ. ಅತ್ತ ಲದ್ದಿ ಬಾಚುತ್ತಿದ್ದವನು ಕೈ ನಿಲ್ಲಿಸಿ ನೋಡಿದ. ಅಕ್ಕ ಒದ್ದೆ ಕಲ್ಲನ್ನೂ ಮಾವನನ್ನೂ ಒಂದೊಂದು ಸಲ ನೋಡಿದರು. ಆಮೇಲೆ ನನ್ನ ಕೈಯಿಂದ ಲಗಾಮು ತೆಗೆದುಕೊಂಡರು.

"ಕೇಳಿಸ್ತಲ್ಲ? ಬುಟ್ಟಿ ಆ ಮೂಲೇಲಿದೆ, ಮರಳು ಹಿಂದ್ಗಡೆ. ಇನ್ಮೇಲೆ ದಿನಾ ಬೆಳಿಗ್ಗೆ ಆರಕ್ಕೇ ಬಂದು ಹಾಕೋದು ನಿನ್ನ ಕೆಲಸ."

ಬುಟ್ಟಿ ತರಲು ಹೋದೆ.